ಬೀಗ ಹಾಕಿದ ನಲ್ಲಿಗಳ ಊರು

ಪಂಚಾಯ್ತಿ ಓಟು ಬಂತೆಂದರೆ ನಮ್ಮೂರು ಅದಲುಬದಲಾಗುತ್ತಿತ್ತು. ಊರಲ್ಲಿ ದಿನಾ ಮಲಗಿ ಏಳುವ ಜನ ಬ್ಯಾಗು ಹೆಗಲಿಗೇರಿಸಿ ರಾಯಚೂರಿನ ಕಡೆಗೆ ಹೊರಡುತ್ತಿದ್ದರು. ಅವರ ಓಟು ಅಲ್ಲಿತ್ತು. ವರ್ಷಗಟ್ಟಲೆ ಊರಲ್ಲಿ ತಲೆ ಇಟ್ಟು ಮಲಗದ ಜನ ಬೆಂಗಳೂರಿನ ಬಸವೇಶ್ವರನಗರ, ಗೋವಿಂದರಾಜನಗರ, ಬಾಪೂಜಿ ನಗರಗಳಿಂದ ಬಾಡಿಗೆ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಅವರ ಓಟು ಊರಲ್ಲಿತ್ತು. ಮಧ್ಯಾಹ್ನ ಬಿರಿಯಾನಿ, ಸಂಜೆ ವಾಪಸ್ಸು. ಆಮೇಲೆ ಮುಂದಿನ ಓಟಿನವರೆಗೆ ‘ನಮ್ಮೂರು, ನಮ್ಮೂರು’ ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಅವರನ್ನು ಕಂಡರೆ ನನಗಾಗುವುದಿಲ್ಲ. ನನ್ನನ್ನು ಕಂಡರೆ ಅವರಿಗೂ ಆಗುವುದಿಲ್ಲ. ಅದು ಹೇಗಾಯಿತು ಎಂದು ಹೇಳುತ್ತೇನೆ. ಕೇಳಿದರೆ ನಿಮ್ಮ ವ್ಯವಹಾರಕ್ಕೂ ಒಂದೆರಡು ಮಾತು ಉಪಯೋಗಕ್ಕೆ ಬಂದಾವು.

ನನ್ನ ಕಸುಬು ಹಳೇ ಬಾಗಿಲು, ಕಿಟಕಿ, ತೊಲೆ, ಕಂಬಗಳ ವ್ಯಾಪಾರ. ಗೋವಿಂದರಾಜನಗರದ ಅಂಚಿನಲ್ಲಿ, ಮಾಗಡಿ ರಸ್ತೆಗೆ ಬೆನ್ನು ಮಾಡಿ ನಿಂತ ಒಂದು ತಗಡಿನ ಶೆಡ್ಡು ನನ್ನ ಅಂಗಡಿ. ಎಲ್ಲಿ ಹಳೇ ಮನೆ ಕೆಡವುತ್ತಾರೋ ಅಲ್ಲಿಗೆ ಹೋಗಿ ಮರ ಕೊಳ್ಳುತ್ತೇನೆ. ಹೋಟೆಲು, ರೆಸಾರ್ಟು ಕಟ್ಟುವವರಿಗೆ ಮಾರುತ್ತೇನೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಹೇರೋಹಳ್ಳಿಯ ಒಂದು ಬಾಡಿಗೆ ರೂಮಿನಿಂದ ಶುರು ಮಾಡಿದವನು ಅದೇ ಹೇರೋಹಳ್ಳಿಯಲ್ಲಿ ಮನೆ ಕಟ್ಟಿಕೊಂಡೆ; ಮನೆ ಮುಂದಿನ ರಸ್ತೆಯ ಗುಂಡಿ ಮಾತ್ರ ಅಂದು ಇದ್ದದ್ದೇ ಇಂದೂ ಇದೆ. ಈ ವ್ಯಾಪಾರದ ಮೊದಲ ಪಾಠ ಹೇಳಿಬಿಡುತ್ತೇನೆ: ಗೋಡೆಯಲ್ಲಿರುವ ಬಾಗಿಲಿಗೆ ಅಡ್ವಾನ್ಸ್ ತೆಗೆದುಕೊಳ್ಳಬೇಡಿ. ಮನೆಯವನು ಕೊಟ್ಟೆ ಎಂದಿರುತ್ತಾನೆ, ನೀವು ಗಿರಾಕಿಗೆ ಮಾತು ಕೊಟ್ಟಿರುತ್ತೀರಿ, ಅಷ್ಟರಲ್ಲಿ ಅವನ ತಮ್ಮ ಎಲ್ಲಿಂದಲೋ ಬಂದು ಹೊಸ್ತಿಲಿಗೆ ಅಡ್ಡ ಕೂರುತ್ತಾನೆ. ಕಿತ್ತು ನಿಮ್ಮ ಟೆಂಪೋ ಹತ್ತಿದ ಮೇಲೆ ಮಾತ್ರ ಬಾಗಿಲು ನಿಮ್ಮದು. ನಿಮ್ಮದಲ್ಲದ್ದನ್ನು ಮಾರಬೇಡಿ.

ಊರಿನಲ್ಲಿದ್ದ ನಮ್ಮ ಮನೆಯ ಬಾಗಿಲನ್ನೂ ನಾನೇ ಕಿತ್ತು ಮಾರಿದೆ. ಮನೆ ಕುಸಿದಿತ್ತು, ಬಾಗಿಲು ಗಟ್ಟಿಯಿತ್ತು. ಗಟ್ಟಿಯಿದ್ದದ್ದನ್ನು ಮಳೆಗೆ ಬಿಟ್ಟು ಭಾವುಕನಾಗುವ ಜಾಯಮಾನ ನನ್ನದಲ್ಲ. ಓಟನ್ನೂ ಹೇರೋಹಳ್ಳಿಗೆ ವರ್ಗ ಮಾಡಿಸಿಕೊಂಡೆ. ನನ್ನ ಮನೆ ಮುಂದೆ ಚರಂಡಿ ಕಟ್ಟಿಕೊಂಡರೆ ಬೈಯುವುದಕ್ಕೆ ಇಲ್ಲಿಯವನೇ ಬೇಕು, ಊರಿನ ಮೆಂಬರನ್ನು ಕಟ್ಟಿಕೊಂಡು ಏನು ಮಾಡಲಿ? ಈ ಎರಡು ಕೆಲಸಕ್ಕೆ ಊರಿನವರು ನನಗೆ ‘ಬಾಗಿಲು ಮಾರಿಕೊಂಡವನು’ ಎಂದು ಹೆಸರಿಟ್ಟರು. ಅವರೂ ಊರು ಬಿಟ್ಟವರೇ. ನಾನು ಬಿಟ್ಟೆ ಎಂದು ಬಾಯಿಬಿಟ್ಟು ಒಪ್ಪಿಕೊಂಡೆ, ಅಷ್ಟೇ ವ್ಯತ್ಯಾಸ.

ನಮ್ಮ ಪಂಚಾಯ್ತಿಯೆಂದರೆ ಮಾಗಡಿ ರಸ್ತೆಯಲ್ಲಿ ಬಹಳ ದೂರ ಹೋಗಿ ಎಡಕ್ಕೆ ತಿರುಗಿದ ಮೇಲೆ ಸಿಗುವ ಒಂದು ಹಿಡಿ ಸಣ್ಣ ಊರುಗಳು. ಒಂದರಲ್ಲಿ ಕೂಗಿದರೆ ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ, ಒಂದರವರಿಗೆ ಇನ್ನೊಂದರವರು ಹೆಣ್ಣು ಕೊಡದಷ್ಟು ದೂರ. ಎಲ್ಲಕ್ಕೂ ಸೇರಿ ಒಂದು ಪಂಚಾಯ್ತಿ ಕಟ್ಟಡವಿದೆ, ಅದರ ಮೇಲೆ ಬಾವುಟವಿದೆ, ಒಳಗೆ ಒಂದು ಕಂಪ್ಯೂಟರು ಪ್ಲಾಸ್ಟಿಕ್ ಹೊದ್ದು ಮಲಗಿದೆ. ಪಂಚಾಯ್ತಿ ನಡೆಯುವುದು ಮಾತ್ರ ಅಲ್ಲಲ್ಲ. ಅದು ನಡೆಯುವುದು ಬಸವೇಶ್ವರನಗರದ ಒಂದು ದರ್ಶಿನಿಯ ಮುಂದೆ, ಭಾನುವಾರ ಬೆಳಿಗ್ಗೆ, ಎತ್ತರದ ಸ್ಟೀಲ್ ಟೇಬಲ್ಲುಗಳ ಸುತ್ತ. ಏಕೆಂದರೆ ಅಧ್ಯಕ್ಷರಿರುವುದು ಬಸವೇಶ್ವರನಗರದಲ್ಲಿ. ಪಂಚಾಯ್ತಿಯ ಸರ್ಕಾರಿ ಅಧಿಕಾರಿ, ಎಲ್ಲರೂ ಪಿಡಿಓ ಸಾಹೇಬ್ರು ಎನ್ನುವವರು, ಇರುವುದು ವಿಜಯನಗರದಲ್ಲಿ. ಕಂದಾಯ ನೋಡಿಕೊಳ್ಳುವ ಗ್ರಾಮ ಲೆಕ್ಕಿಗ ಕೆಂಗೇರಿಯಲ್ಲಿ. ಮೆಂಬರುಗಳು ಅಲ್ಲಿ ಇಲ್ಲಿ. ಹಳ್ಳಿಯಲ್ಲಿ ಕಸಕ್ಕೆ ಬೆಂಕಿ ಬಿದ್ದರೂ ಅದನ್ನು ಆರಿಸುವ ನಿರ್ಣಯ ಮಸಾಲೆ ದೋಸೆಯ ವಾಸನೆಯಲ್ಲಿ ಆಗಬೇಕು.

ಅಧ್ಯಕ್ಷೆಯೆಂದರೆ ನನ್ನ ದೊಡ್ಡಪ್ಪನ ಮಗಳು, ನನಗೆ ಅಕ್ಕ. ಆದರೆ ‘ಅಧ್ಯಕ್ಷರು’ ಎಂದು ಎಲ್ಲರೂ ಕರೆಯುವುದು ಅವಳ ಗಂಡನನ್ನು. ಅಕ್ಕನಿಗೆ ಫೋನು ಮಾಡಿ ಏನು ಕೇಳಿದರೂ, "ಅವರನ್ನೇ ಕೇಳಪ್ಪ, ನಾನು ಸೈನು ಮಾಡ್ತೀನಿ ಅಷ್ಟೇ," ಎನ್ನುತ್ತಾಳೆ. ಭಾವ ದಡ್ಡನಲ್ಲ, ಅದನ್ನು ಒಪ್ಪಬೇಕು. ಓಟು ಕೇಳಲು ಹೋದಾಗ ಅವನದೊಂದು ಪದ್ಧತಿಯಿದೆ: ಯಾರ ಮನೆಗೆ ಕಾಲಿಟ್ಟರೂ ಮೊದಲು ಕುಡಿಯಲು ನೀರು ಕೇಳುವುದು. ಎಂಥ ಬಡವರ ಮನೆಯಾದರೂ ಸರಿ, ಚೊಂಬೆತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಅಮೃತ ಕಣವ್ವಾ," ಎನ್ನುತ್ತಾನೆ. ನೀರು ಕೊಟ್ಟ ಕೈ ಓಟು ತಪ್ಪಿಸುವುದಿಲ್ಲ ಎನ್ನುವುದು ಅವನ ಲೆಕ್ಕ. ಇಲ್ಲಿಯವರೆಗೆ ಆ ಲೆಕ್ಕ ತಪ್ಪಿರಲಿಲ್ಲ.

ಈಗ ನಲ್ಲಿಯ ವಿಷಯ. ಮನೆಮನೆಗೂ ನಲ್ಲಿ ಹಾಕುವ ಕೆಲಸ ನಮ್ಮೂರಿಗೂ ಬಂತು. ಬಾಗಿಲಿದ್ದರೆ ಮನೆ, ಮನೆಯಿದ್ದರೆ ನಲ್ಲಿ; ಕೆಲಸದವರು ಬಾಗಿಲು ನೋಡಿಕೊಂಡು ಹೋದರು. ನಮ್ಮ ಮನೆಗೆ ಬಾಗಿಲಿರಲಿಲ್ಲ, ಆದ್ದರಿಂದ ನಲ್ಲಿ ಬರಲಿಲ್ಲ. ಆ ಬಗ್ಗೆ ನನ್ನ ತಕರಾರೂ ಇಲ್ಲ. ಉಳಿದ ಪ್ರತಿ ಬೀಗ ಹಾಕಿದ ಬಾಗಿಲಿನ ಮುಂದೆ ಒಂದೊಂದು ನೀಲಿ ಪೈಪು, ಅದರ ತುದಿಗೆ ಒಂದೊಂದು ನಲ್ಲಿ. ಓಣಿಯುದ್ದಕ್ಕೂ ನೀರು, ಕುಡಿಯುವ ಬಾಯಿ ಒಂದೂ ಇಲ್ಲ.

ಬಾಯಿಗಳಿದ್ದದ್ದು ಊರಾಚೆ, ಕೋಳಿ ಫಾರಂ ಪಕ್ಕದ ಲೈನ್ ಮನೆಗಳಲ್ಲಿ. ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳು, ಫಾರಂ ಕೆಲಸ, ತೋಟದ ಕೆಲಸ, ನರ್ಸರಿ ಕೆಲಸ. ಊರಿನ ಅಂಗನವಾಡಿ ಮುಚ್ಚದೆ ಉಳಿದಿರುವುದೇ ಅವರ ಮಕ್ಕಳಿಂದ. ಅವರಿಗೆ ಕುಡಿಯಲು ಫಾರಂ ಟ್ಯಾಂಕಿನ ನೀರೇ ಗತಿ. ಕೋಳಿಗಳಿಗೆ ಔಷಧಿ ಕೊಡುವುದು ಸೂಜಿಯಲ್ಲಲ್ಲ, ಅದೇ ಟ್ಯಾಂಕಿಗೆ ಸುರಿದು. ಕೋಳಿ ಔಷಧಿ ಕುಡಿದ ದಿನ ಮಕ್ಕಳೂ ಅದನ್ನೇ ಕುಡಿಯುತ್ತವೆ. ಹೀಗಾಗಿ ಹೆಂಗಸರು ಕೊಡ ಹಿಡಿದು ಓಣಿಯ ನಲ್ಲಿಗಳಿಗೆ ಬರತೊಡಗಿದರು. ಬೆಂಗಳೂರಿಗೆ ಸುದ್ದಿ ಮುಟ್ಟಿತು. ಮುಂದಿನ ವಾರವೇ ಕಾರು ಮಾಡಿಕೊಂಡು ಬಂದರು ನಮ್ಮವರು, ಒಬ್ಬೊಬ್ಬರೂ ಒಂದೊಂದು ಕಬ್ಬಿಣದ ಗೂಡು ತಂದು ನಲ್ಲಿಗೆ ತೊಡಿಸಿ ಬೀಗ ಜಡಿದು ಹೋದರು. ಮನೆಗೆ ಒಂದು ಬೀಗ, ನಲ್ಲಿಗೆ ಇನ್ನೊಂದು. ಅಪ್ಪ ಅಮ್ಮನ ತಿಥಿಗೆ ರಜೆ ಸಿಗದವರಿಗೆ ಇದಕ್ಕೆ ರಜೆ ಸಿಕ್ಕಿತ್ತು.

ನಾನು ಆ ಓಣಿಯ ಒಂದು ಮನೆಯ ಮರ ಕೊಂಡು ಕೆಡವಿಸುತ್ತಿದ್ದಾಗ ಒಬ್ಬ ಹೆಂಗಸು ಬಂದಳು. ಲೈನ್ ಮನೆಯವಳು, ಖಾಲಿ ಕೊಡ ಸೊಂಟದಲ್ಲಿ. ನಾನು ಕೆಲಸಕ್ಕೆ ಕರೆದೆ: ಬಿದ್ದ ಮೊಳೆ ಆಯ್ದು, ಹೆಂಚು ಜೋಡಿಸಿ, ಅಂಗಳ ಗುಡಿಸಬೇಕು. ಸಂಜೆ ಕೂಲಿ ಕೊಡಲು ಹೋದರೆ ಕೈ ಚಾಚಲಿಲ್ಲ.

"ಕೂಲಿ ಬ್ಯಾಡ್ರಿ ಅಣ್ಣಾರ. ನಿಮ್ಮೋರಿಗೆ ಒಂದ್ ಮಾತ್ ಹೇಳ್ರಿ. ನಮ್ ಲೈನಿಗೆ ಒಂದ್ ನಳ ಹಾಕಸ್ರಿ."

"ಕೂಲಿ ತಗೊಳ್ಳಮ್ಮ. ನನ್ನ ಮಾತು ಅಲ್ಲಿ ನಡೆಯಲ್ಲ."

"ನಡೀಲಿಕ್ರ ಬ್ಯಾಡ. ಹೇಳ್ತೀನಿ ಅನ್ರಿ. ಕೂಲಿ ನಿಮ್ ಹತ್ರ ಇಟ್ಕೊಳ್ರಿ, ಹೇಳಿದ್ ಮ್ಯಾಲ ಕೊಡ್ರಿ."

ನೋಡಿ, ಇಷ್ಟು ವರ್ಷ ಚೌಕಾಸಿ ಮಾಡಿ ಹೊಟ್ಟೆ ಹೊರೆದವನು ನಾನು. ಕೂಲಿ ತೆಗೆದುಕೊಂಡಿದ್ದರೆ ಅವಳಿಗೂ ನನಗೂ ಲೆಕ್ಕ ಮುಗಿಯುತ್ತಿತ್ತು. ಅವಳು ಮುಗಿಯಲು ಬಿಡಲಿಲ್ಲ. ನನ್ನನ್ನೇ ಬಾಕಿದಾರ ಮಾಡಿ, ಫೋನ್ ನಂಬರು ಕೊಟ್ಟು, ಕೊಡ ಎತ್ತಿಕೊಂಡು ಹೋದಳು.

ಭಾನುವಾರ ದರ್ಶಿನಿಗೆ ಹೋದೆ. ಭಾವ ಕಾಫಿ ಲೋಟ ಹಿಡಿದು, ಯಾರೂ ನಡೆಯದ ಓಣಿಗೆ ಸಿಮೆಂಟು ಹಾಕಿಸುವ ಮಾತಿನಲ್ಲಿದ್ದ.

"ಓಹೋ, ಬಾಗಿಲು ಬಂತು," ಎಂದ. ಸುತ್ತ ನಿಂತವರು ನಕ್ಕರು.

"ಬಾಗಿಲಲ್ಲ ಭಾವ, ನಲ್ಲಿ ವಿಷಯಕ್ಕೆ ಬಂದಿದೀನಿ. ಕೋಳಿ ಫಾರಂ ಲೈನಿಗೆ ಒಂದು ಬೀದಿ ನಲ್ಲಿ ಹಾಕಿಸಿ."

ಭಾವ ಪಿಡಿಓ ಕಡೆ ನೋಡಿದ. ಪಿಡಿಓ ಇಡ್ಲಿ ನುಂಗಿ ಹೇಳಿದರು, "ಅಲ್ಲಿ ಜನವಸತಿ ಇಲ್ವಲ್ಲ."

"ಜನ ಇದಾರಲ್ಲ ಸಾರ್."

"ಜನ ಇದಾರೆ. ಜನವಸತಿ ಇಲ್ಲ. ರೆಕಾರ್ಡಲ್ಲಿ ಅದು ಕೋಳಿ ಶೆಡ್ಡು."

"ಹಾಗಾದ್ರೆ ಊರೊಳಗೆ ಜನವಸತಿ ಇದೆಯಾ?"

"ಇದೆಯಲ್ಲ. ಮನೆಮನೆಗೂ ನಲ್ಲಿ ಕೊಟ್ಟಿದೀವಿ."

"ಮನೆಮನೆಗೂ ಬೀಗ ಹಾಕಿದೆ ಸಾರ್."

"ಬೀಗ ಹಾಕಿದೆ ಅಂದ್ರೆ ಮಾಲೀಕರು ಇದಾರೆ ಅಂತ ತಾನೇ ಅರ್ಥ?"

ಇಂಥವರ ಹತ್ತಿರ ವಾದ ಮಾಡಬೇಡಿ. ಅವರು ಸಂಬಳಕ್ಕಾಗಿ ಕುರುಡಾದವರು. ನೀವು ಪುಕ್ಕಟೆ ದೀಪ ಹಿಡಿದರೆ ಅವರಿಗೆ ಕಣ್ಣು ಉರಿಯುತ್ತದೆ.

ಭಾವ ಹೇಳಿದ, "ಲೋ, ಅವರು ಇವತ್ತು ಇರ್ತಾರೆ, ನಾಳೆ ಗಂಟು ಕಟ್ತಾರೆ. ಅವರಿಗೆಲ್ಲಾ ನಲ್ಲಿ ಹಾಕ್ಕೊಂಡು ಕೂತ್ರೆ ಊರಿನವರ ಗತಿ ಏನು?"

"ಊರಿನವರು ಗಂಟು ಕಟ್ಟಿ ಎಷ್ಟು ವರ್ಷ ಆಯ್ತು ಭಾವ?"

ನಗು ನಿಂತಿತು. ಭಾವ ಲೋಟ ಟೇಬಲ್ಲಿನ ಮೇಲೆ ಕುಕ್ಕಿದ. "ಓಟು ಕಿತ್ಕೊಂಡು ಹೋದವನು ನೀನು. ಈ ಪಂಚಾಯ್ತಿಲಿ ಮಾತಾಡೋಕೆ ನಿನಗೇನು ಹಕ್ಕಿದೆ? ಕಾಫಿ ಬೇಕಾದ್ರೆ ಕುಡಿ, ಟೋಕನ್ ನಾನೇ ತಗೋತೀನಿ. ನಲ್ಲಿಗಿಲ್ಲಿ ಅಂತ ಇನ್ನೊಂದ್ಸಲ ಬಂದ್ರೆ ಸರಿ ಇರಲ್ಲ."

ಒಬ್ಬ ಮನುಷ್ಯ ಬೈಯುವಾಗ ಕಿವಿಗೊಟ್ಟು ಕೇಳಬೇಕು. ಬೈಗುಳದಲ್ಲಿ ಅವನು ಯಾವುದಕ್ಕೆ ಹೆದರುತ್ತಾನೆ ಎನ್ನುವುದಿರುತ್ತದೆ. ಭಾವ ನನ್ನನ್ನು ಬಾಗಿಲು ಮಾರಿದವನು ಎನ್ನುವಾಗ ನಗುತ್ತಾನೆ. ಓಟು ಕಿತ್ತುಕೊಂಡವನು ಎನ್ನುವಾಗ ಅವನ ಕತ್ತಿನ ನರ ಉಬ್ಬುತ್ತದೆ. ಸಣ್ಣ ಊರು, ಸಣ್ಣ ಅಂತರ. ಹೋದ ಸಲ ಅಕ್ಕ ಗೆದ್ದದ್ದೇ ಬೆರಳೆಣಿಕೆಯ ಓಟಿನಲ್ಲಿ. ಅಂಗಡಿಗೆ ಬಂದು ಆ ಹೆಂಗಸಿಗೆ ಫೋನು ಮಾಡಿದೆ.

"ಹೇಳಿದೆ ಕಣಮ್ಮ, ಆಗಲ್ಲ ಅಂದ್ರು. ನೀನು ನೀರು ಕೇಳಬೇಡ. ಓಟು ಕೇಳು."

ಕೋಳಿಗಳ ಸದ್ದಿನ ನಡುವೆ ಅವಳು ಕೇಳಿದಳು, "ಓಟ್ ಕುಡಿಯಾಕ ಬರ್ತಾವೇನ್ರಿ?"

"ಬರುತ್ತೆ. ನೀವೆಲ್ಲಾ ನಿಮ್ಮ ಓಟನ್ನ ಊರಿಂದ ಇಲ್ಲಿಗೆ ಬದಲಾಯಿಸ್ಕೋತೀವಿ ಅಂತ ಅನ್ನಿ. ಮಾಡ್ಬೇಡಿ, ಅನ್ನಿ ಸಾಕು. ಎಲ್ಲಿ ವಾಸ ಇದೀರೋ ಅಲ್ಲಿ ಓಟು, ಅದು ಕಾನೂನು. ಭಾನುವಾರ ಎಲ್ಲರ ಗುರುತಿನ ಚೀಟಿ ಹಿಡ್ಕೊಂಡು ಬಸವೇಶ್ವರನಗರಕ್ಕೆ ಬಾ. ಏನೂ ಮಾತಾಡಬೇಡ. ಕೈಯಲ್ಲಿ ಹಿಡ್ಕೊಂಡು ನಿಂತ್ಕೋ."

ಬಾಪೂಜಿ ನಗರದಲ್ಲಿ ಅವಳ ತಂಗಿಯಿದ್ದಳು, ಗಾರ್ಮೆಂಟ್ಸ್ ಕೆಲಸ. ಶನಿವಾರ ಅಲ್ಲಿ ಉಳಿದು ಬೆಳಿಗ್ಗೆಯೇ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು. ಚೀಟಿಗಳ ಕಟ್ಟಿಗೆ ರಬ್ಬರ್ ಬ್ಯಾಂಡು ಹಾಕಿ, ಇಸ್ಪೀಟಿನ ಎಲೆ ಹಿಡಿದಂತೆ ಹಿಡಿದಿದ್ದಳು. ನಾನು ಕಾಫಿ ಕೊಡಿಸಿದೆ. ಲೈನಿನವರು ಆಡಿಕೊಂಡ ಮಾತು ಭಾವನ ಕಿವಿಗೆ ಆಗಲೇ ಬಿದ್ದಿತ್ತು. ಬಂದ, ನೋಡಿದ, ಏನೂ ಕೇಳದೆ ನನ್ನ ತೋಳು ಹಿಡಿದು ಸ್ಕೂಟರುಗಳ ಸಾಲಿಗೆ ಎಳೆದುಕೊಂಡು ಹೋದ. ಪಿಡಿಓ ಹಿಂದೆಯೇ ಬಂದರು. ಆ ಹೆಂಗಸೂ ಕಾಫಿ ಹಿಡಿದು ಬಂದು ಪಕ್ಕದಲ್ಲೇ ನಿಂತಳು.

"ಏನೋ ಇದು ಹೊಸ ನಾಟಕ? ಓಟು ಇಲ್ಲಿಗೆ ಹಾಕಿಸ್ತಾರಂತೆ? ಎಷ್ಟು ಜನ ಇದಾರೆ ಆ ಲೈನಲ್ಲಿ?"

"ಅಲ್ಲಿ ಜನವಸತಿ ಇಲ್ವಲ್ಲ ಭಾವ."

"ತಮಾಷೆ ಬೇಡ."

ಪಿಡಿಓ ಭಾವನ ಕಿವಿಯ ಹತ್ತಿರ ಬಾಗಿದರು. "ಅಣ್ಣಾವ್ರೇ, ಒಂದು ನಲ್ಲಿ ತಾನೇ, ಹಾಕಿಸಿಬಿಡಿ. ಆ ಲೈನೇ ತಿರುಗಿಬಿದ್ರೆ ಮೇಡಂ ಸೀಟು ಕಷ್ಟ."

ಭಾವ ಮೀಸೆ ತೀಡಿದ. "ಸರಿ, ನಲ್ಲಿ ಹಾಕಿಸ್ತೀನಿ. ಓಟಿನ ವಿಷಯ ಇಲ್ಲಿಗೇ ಮುಗೀಬೇಕು. ಮಾತು ಕೊಡು."

"ನನ್ನ ಮಾತು ಬೇಕಾದ್ರೆ ಕೊಡ್ತೀನಿ. ಅವರ ಓಟಿನ ಅರ್ಜಿನ ನಾನು ಕೈಯಲ್ಲೂ ಮುಟ್ಟಲ್ಲ, ಇನ್ನು ಅವರಿಗೆ ಏನೂ ಹೇಳಿಕೊಡಲ್ಲ."

"ಸಾಕು ಬಿಡು. ನೀನು ಕೈ ಹಾಕದೇ ಹೋದ್ರೆ ಅವರಿಗೇನು ಗೊತ್ತಾಗುತ್ತೆ, ಪಾಪ."

ಅವಳು ಮೊಳದಷ್ಟು ದೂರದಲ್ಲಿ ನಿಂತು ಕಾಫಿ ಊದುತ್ತಿದ್ದಳು. ಊರು ಆಳುವವನು, ಸರ್ಕಾರದ ಸಂಬಳ ತಿನ್ನುವವನು ಇಬ್ಬರಿದ್ದರು. ಓಟು ಅವಳದು. ಇಬ್ಬರಲ್ಲಿ ಒಬ್ಬನಾದರೂ ಅವಳ ಕಡೆ ತಿರುಗಿ ‘ನೀನೇನಮ್ಮ ಹೇಳ್ತೀಯ’ ಎನ್ನಲಿಲ್ಲ. ಕೂಲಿಯವರಿಗೂ ಕೊಡಲು ತಮ್ಮದೊಂದು ಮಾತು ಇರುತ್ತದೆ ಎನ್ನುವುದೇ ಅವರಿಗೆ ಹೊಳೆಯಲಿಲ್ಲ. ಅವಳ ಮಾತು ಗೋಡೆಯಲ್ಲಿದ್ದ ಬಾಗಿಲು. ಅದನ್ನು ಕೊಡಲು ನಾನು ಯಾರು? ನನ್ನದನ್ನು ಮಾತ್ರ ಕೊಟ್ಟೆ. ನೆನಪಿಸಲು ಹೋಗಲಿಲ್ಲ. ಎದುರಿನವನು ಮರೆತದ್ದನ್ನು ನೆನಪಿಸುವ ಗುಣವಿದ್ದವನು ಅಂಗಡಿ ಇಡಬಾರದು, ಮಠ ಸೇರಬೇಕು.

ನಲ್ಲಿ ಬಂತು. ಲೈನ್ ಮನೆಗಳ ತುದಿಗೆ ಒಂದು ಸಿಮೆಂಟು ಕಟ್ಟೆ, ಕಟ್ಟೆಗೆ ನಲ್ಲಿ, ನಲ್ಲಿಗಿಂತ ದೊಡ್ಡದಾದ ಕಲ್ಲಿನ ಮೇಲೆ ಅಕ್ಕನ ಹೆಸರು, ಅದಕ್ಕಿಂತ ದಪ್ಪ ಅಕ್ಷರದಲ್ಲಿ ಭಾವನ ಹೆಸರು. ಉದ್ಘಾಟನೆಯ ಫೋಟೋ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೆಳಗೆ ಬೆಂಗಳೂರಿನ ಎಲ್ಲ ಬಡಾವಣೆಗಳಿಂದಲೂ ಕೈಮುಗಿದ ಚಿತ್ರಗಳು ಬಂದವು. ನಾನು ಆ ಹೆಂಗಸಿಗೆ ಕೊಡಬೇಕಿದ್ದ ಕೂಲಿ ಕೊಟ್ಟು, ಲೆಕ್ಕ ಮುಗಿಯಿತೆಂದುಕೊಂಡೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಭಾವ ನನ್ನ ಅಂಗಡಿಗೆ ನುಗ್ಗಿದ. ಒರಗಿಸಿಟ್ಟ ಬಾಗಿಲುಗಳ ನಡುವೆ ಅವನಿಗೆ ನಾನೆಲ್ಲಿದ್ದೇನೆಂದು ತಿಳಿಯಲಿಲ್ಲ. ಹೊರಗೆ ಬಾರೋ ಎಂದು ಗೋಡೆಗೆ ಬೈಯುತ್ತಿದ್ದ. ಮತದಾರರ ಹೊಸ ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ್ದರು. ಅದರಲ್ಲಿ ಇಡೀ ಕೋಳಿ ಫಾರಂ ಲೈನಿತ್ತು.

"ಮಾತು ಕೊಟ್ಟು ಕುತ್ತಿಗೆ ಕುಯ್ದೆ ಕಣೋ!"

"ನಾನು ಅರ್ಜಿ ಮುಟ್ಟಿಲ್ಲ ಭಾವ. ನನಗೆ ಗೊತ್ತಾಗಿದ್ದೇ ಈಗ, ನಿಮ್ಮ ಬಾಯಿಂದ."

"ಮತ್ಯಾರು ಮುಟ್ಟಿದ್ದು?"

ಅವನ ಎದುರಿನಲ್ಲೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದೆ. ಅವಳು ನಿಧಾನವಾಗಿ ಹೇಳಿದಳು, ಅಂಗನವಾಡಿ ಟೀಚರಮ್ಮನೇ ಓಟಿನ ಪಟ್ಟಿ ನೋಡಿಕೊಳ್ಳುವವರು, ಮಕ್ಕಳನ್ನು ಬಿಡಲು ಹೋದಾಗ ಕೇಳಿದೆ, ಅವರು ಬರೆದುಕೊಂಡರು, ವಿಚಾರಣೆಗೆ ಬಂದವರು ಒಲೆ, ಹಾಸಿಗೆ ಎಲ್ಲ ನೋಡಿಕೊಂಡು ಹೋದರು. ರಾಯಚೂರಿನ ಪಟ್ಟಿಯಿಂದ ಹೆಸರು ತೆಗೆಸಿದ್ದೂ ಆಯಿತು.

ನನಗೂ ಸಿಟ್ಟು ಬಂತು. "ಅಲ್ಲಮ್ಮ, ಅನ್ನಿ ಸಾಕು, ಮಾಡಬೇಡಿ ಅಂತ ಹೇಳಿರಲಿಲ್ವಾ ನಾನು? ಅಲ್ಲೇ ನಿಂತಿದ್ದೆಯಲ್ಲ ನೀನು, ಕೇಳಿಸ್ಕೊಂಡೆ ತಾನೇ?"

"ಕೇಳ್ಸಿತ್ರಿ ಅಣ್ಣಾರ. ನೀವು ಮುಟ್ಟಂಗಿಲ್ಲ ಅಂದ್ರಿ. ನಾವು ಮುಟ್ಟಂಗಿಲ್ಲ ಅಂತ ಯಾರ್ ಅಂದಾರ? ನಮ್ಮನ್ ಯಾರ್ರ ಕೇಳಿದ್ರೇನು?"

ಭಾವ ಫೋನಿನ ಕಡೆ ನೋಡಿದ. ಅದು ನಾಯಿಯಂತೆ ಬೊಗಳಿದ್ದರೂ ಅವನು ಅಷ್ಟು ಬೆರಗಾಗುತ್ತಿರಲಿಲ್ಲ.

"ಆಕ್ಷೇಪಣೆ ಹಾಕ್ತೀನಿ! ಒಂದೊಂದು ಹೆಸರೂ ಹೊಡೆದು ಹಾಕಿಸ್ತೀನಿ!"

"ಹಾಕಿ ಭಾವ. ಇವರು ಇಲ್ಲಿ ವಾಸ ಇಲ್ಲ ಅಂತ ಬರೀಬೇಕು. ಆಗ ಸಾಹೇಬ್ರು ಮೊದಲು ಕೇಳೋದು, ನೀವು ಎಲ್ಲಿ ಮಲಗ್ತೀರಿ ಅಂತ."

ಅವನು ಹೊರಗೆ ಹೋಗುವಾಗ ಒಂದು ಕಿಟಕಿಯನ್ನು ಒದ್ದು ಹೋದ. ಸಾಗುವಾನಿ, ಅದಕ್ಕೇನೂ ಆಗಲಿಲ್ಲ, ಅವನ ಕಾಲಿಗೆ ಆಗಿರಬೇಕು. ಆ ದಿನದಿಂದ ನಮ್ಮ ಕಡೆಯ ಒಂದು ಮದುವೆ ಪತ್ರಿಕೆಯೂ ನನ್ನ ಮನೆಗೆ ಬಂದಿಲ್ಲ. ದರ್ಶಿನಿಯಲ್ಲಿ ನಾನು ಲೋಟ ಇಟ್ಟ ಟೇಬಲ್ಲಿನಿಂದ ಅವರು ಲೋಟ ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಲಿ. ಮದುವೆಗೆ ಕೊಡುವ ಉಡುಗೊರೆ ಉಳಿಯಿತು.

ಮುಂದಿನ ಸೋಮವಾರದಿಂದ ಲೈನಿನ ನಲ್ಲಿಯಲ್ಲಿ ನೀರು ನಿಂತಿತು. ಊರಿನ ನೀರು ಬಿಡುವ ನೀರುಗಂಟಿಗೆ ಫೋನು ಮಾಡಿದೆ.

"ವಾಲ್ವು ಕೆಟ್ಟಿದೆ ಅಣ್ಣ."

"ಯಾವಾಗ ಸರಿ ಹೋಗುತ್ತೆ?"

"ಅಧ್ಯಕ್ಷರನ್ನ ಕೇಳ್ಬೇಕು."

"ವಾಲ್ವು ಕೆಟ್ರೆ ಪ್ಲಂಬರನ್ನ ಕೇಳ್ತಾರೆ ಕಣಯ್ಯ."

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಣ್ಣ," ಎಂದು ಇಟ್ಟುಬಿಟ್ಟ.

ಮತ್ತೆ ಕೋಳಿ ಟ್ಯಾಂಕೇ ಗತಿಯಾಯಿತು. ಬೇಸಿಗೆ ಮುಂದೆ ಬಾಯಿ ತೆರೆದು ನಿಂತಿತ್ತು. ಲೈನಿನಲ್ಲಿ ಎರಡು ಮಕ್ಕಳಿಗೆ ವಾಂತಿ ಭೇದಿ ಹತ್ತಿ ಆಸ್ಪತ್ರೆಗೆ ಒಯ್ದರೆಂದು ಕೇಳಿ ನಾನು ಅವಳಿಗೆ ಬೈದೆ. ಒಂದಿಷ್ಟು ದಿನ ತಡೆದಿದ್ದರೆ ಇವತ್ತು ನೀರಿರುತ್ತಿತ್ತು, ಅತಿ ಆಸೆ ಮಾಡಿದಿರಿ, ಎಂದೆ.

"ಸುಮ್ಮ ಕುಂತಿದ್ರ ಓಟ್ ಮುಗದ್ ಮರುದಿನ ಬಂದ್ ಮಾಡ್ತಿದ್ರು ರೀ," ಎಂದಳು. ಆ ಎರಡರಲ್ಲಿ ಒಂದು ಅವಳ ಮಗು. "ಈಗ ಮಾಡ್ಯಾರ. ಓಟಿಗ ಮೊದ್ಲ ಮಾಡಿದ್ದ ಚಲೋ ಆತು."

ಚೌಕಾಸಿಯಲ್ಲಿ ಎದುರಿನವನಿಗೆ ತಪ್ಪು ಮಾಡಲು ಬೇಕಾದಷ್ಟು ಹೊತ್ತು ಕೊಡಬೇಕು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದವನು. ಮಗು ಆಸ್ಪತ್ರೆಯಲ್ಲಿರುವಾಗ ಆ ಹೊತ್ತು ಕೊಡುವ ಗಟ್ಟಿತನ ನನಗಿರಲಿಲ್ಲ.

ಓಟು ಹತ್ತಿರವಾಯಿತು. ಅಕ್ಕ ಮತ್ತೆ ನಿಂತಳು, ಅಂದರೆ ಭಾವ ನಿಲ್ಲಿಸಿದ. ನಾನು ಅದೇ ಓಣಿಯ ಇನ್ನೊಂದು ಮನೆಯ ತೊಲೆಗಳನ್ನು ಟೆಂಪೋಗೆ ಏರಿಸುತ್ತಿದ್ದ ದಿನ ಅವರ ಕಾರುಗಳು ಬಂದವು. ಬೀಗ ಹಾಕಿದ ಮನೆಗಳನ್ನು ದಾಟಿ ಸೀದಾ ಲೈನಿನ ಮುಂದೆ ನಿಂತವು. ಇಷ್ಟು ವರ್ಷದಲ್ಲಿ ಭಾವ ಅಲ್ಲಿ ಕಾಲಿಟ್ಟದ್ದು ಕಲ್ಲಿನ ಉದ್ಘಾಟನೆಗೆ ಬಿಟ್ಟರೆ ಅದೇ ಮೊದಲು. ನಾನು ಕೆಲಸ ಬಿಟ್ಟು ಹೋಗಿ ಬೇಲಿಯ ಹತ್ತಿರ ನಿಂತೆ. ಅವನು ನನ್ನನ್ನು ನೋಡಿಯೂ ನೋಡದಂತೆ ಮಾಡಿದ.

ಆ ಹೆಂಗಸು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಭಾವ ಮುಖದ ತುಂಬ ನಗು ತಂದುಕೊಂಡು, ಹಿಂದೆ ಹತ್ತು ಜನರನ್ನಿಟ್ಟುಕೊಂಡು, ಅಭ್ಯಾಸದಂತೆ ಹೇಳಿದ:

"ಏನಮ್ಮ, ಚೆನ್ನಾಗಿದೀರಾ? ಬಿಸಿಲು ನೋಡು. ಮೊದಲು ಒಂದು ಚೊಂಬು ನೀರು ಕೊಡು ತಾಯಿ."

ಅವಳು ಒಳಗೆ ಹೋಗಿ ಚೊಂಬು ತುಂಬಿ ತಂದಳು. ಎರಡೂ ಕೈಯಲ್ಲಿ ಮರ್ಯಾದೆಯಿಂದಲೇ ಕೊಟ್ಟಳು. ಅವನು ಬಾಯಿಯ ಹತ್ತಿರ ಎತ್ತಿದ.

"ಕೋಳಿ ನೀರ್ ಅದಾವ್ರಿ ಸಾಹೇಬ್ರ," ಎಂದಳು. "ಇವತ್ತ ಔಷಧ ಹಾಕ್ಯಾರ. ನಮ್ ಹುಡುಗ್ರು ಕುಡೀತಾವು, ಏನಾಗಂಗಿಲ್ಲ, ಕುಡೀರಿ. ಇಲ್ಲಂದ್ರ ನಳ ಅಲ್ಲೈತಿ. ನಿಮ್ ಹೆಸರ ಬರದೈತಿ. ತಿರುವ್ರಿ."

ಚೊಂಬು ಗಾಳಿಯಲ್ಲಿ ನಿಂತಿತು. ಕುಡಿಯುವಂತಿಲ್ಲ, ಇಳಿಸುವಂತಿಲ್ಲ. ಹಿಂದಿನ ಹುಡುಗರಲ್ಲಿ ಒಬ್ಬ ಆಗಲೇ ಮೊಬೈಲು ಎತ್ತಿ ವಿಡಿಯೋ ಹಿಡಿಯುತ್ತಿದ್ದವನು ಅದನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಕೊನೆಗೆ ಕೆಳಗಿಳಿದದ್ದು ಅಕ್ಕ. ಕಾರಿನಿಂದ ಬಂದವಳೇ ಗಂಡನ ಕೈಯಿಂದ ಚೊಂಬು ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, ನೆಲಕ್ಕೆ ಚೆಲ್ಲಿದಳು. "ವಾಲ್ವು ತೆಗೆಸಿ," ಎಂದಳು ಅವನಿಗೆ. ಅಧ್ಯಕ್ಷೆಯಾಗಿ ಅವಳು ಆಡಿದ ಮಾತುಗಳಲ್ಲಿ ನಾನು ಕಿವಿಯಾರೆ ಕೇಳಿದ್ದು ಅದೊಂದೇ.

ಭಾವ ಫೋನು ಹಚ್ಚಿದ. ಕೆಟ್ಟುಹೋಗಿದ್ದ ವಾಲ್ವು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಸರಿಹೋಯಿತು. ನಲ್ಲಿ ಮೊದಲು ಕೆಮ್ಮಿತು, ಕೆಂಪು ಕಕ್ಕಿತು, ಆಮೇಲೆ ತಿಳಿಯಾಗಿ ಸುರಿಯತೊಡಗಿತು. ಲೈನಿನ ಕೊಡಗಳೆಲ್ಲ ಒಂದರ ಹಿಂದೊಂದು ಬಂದು ಕಟ್ಟೆಯ ಮುಂದೆ ಕೂತವು.

ಭಾವ ಕರವಸ್ತ್ರದಿಂದ ಮುಖ ಒರೆಸಿಕೊಂಡ. ಬೇಲಿಯ ಕಡೆ ತಿರುಗಿ ನನಗೆ ಮಾತ್ರ ಕೇಳುವಂತೆ, "ಊರು ಮಾರಿಬಿಟ್ಟೆ ಕಣೋ, ಬೇವರ್ಸಿ," ಎಂದ. ಆಮೇಲೆ ಹಳೆಯ ನಗುವನ್ನೇ ಹುಡುಕಿ ಹಾಕಿಕೊಂಡು ಅವಳ ಹತ್ತಿರ ಹೋದ.

"ನೀರು ಬಂತಲ್ಲಮ್ಮ. ಇನ್ನೇನು, ಓಟು ನಮಗೇ ತಾನೇ?"

ಅವಳು ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ನೀರು ಇವತ್ತ ಬಂದಾವ್ರಿ," ಎಂದಳು. "ಓಟಿಗ ಇನ್ನಾ ದಿವ್ಸ ಅದಾವ. ದಿನಾ ಬರ್ತಾವೇನ್ ನೋಡೂನು."